ಹಳೆಯ ಬಂದರು, ಹಳೆಯ ಮನೆ, ಹೊಸ ಅತಿಥಿ
ಕುಂದಾಪುರ, ಬೈಂದೂರು, ಬ್ರಹ್ಮಾವರ ಪ್ರದೇಶದಲ್ಲಿ ಹೋಂಸ್ಟೇ ವ್ಯವಹಾರ: ಒಂದು ಲೆಕ್ಕಾಚಾರ

ಕರಾವಳಿಯ ಹಳೆಯ ಪಟ್ಟಣಗಳಲ್ಲಿ ಮಳೆಗಾಲ ಮುಗಿದೊಡನೆ ಅನೇಕ ಕುಟುಂಬಗಳು ಒಂದೇ ಪ್ರಶ್ನೆಯನ್ನು ಎದುರಿಸುತ್ತವೆ. ಹೆಂಚಿನ ಮಾಡು ಸೋರಿದೆ, ಪಕಾಸಿಗೆ ಗೆದ್ದಲು ಹಿಡಿದಿದೆ, ಮನೆಯಲ್ಲಿ ವಯಸ್ಸಾದ ತಾಯಿಯೊಬ್ಬರೇ ಇದ್ದಾರೆ. ಮಕ್ಕಳು ಬೆಂಗಳೂರು, ಮುಂಬಯಿ ಅಥವಾ ಕೊಲ್ಲಿ ರಾಷ್ಟ್ರಗಳಲ್ಲಿ ನೆಲೆಸಿದ್ದಾರೆ. ಆ ಹೊತ್ತಿಗೆ ಸರಿಯಾಗಿ ಮರದ ವ್ಯಾಪಾರಿಯೊಬ್ಬರು ಬಂದು ಕಂಬ, ತೊಲೆ, ಹೆಬ್ಬಾಗಿಲುಗಳಿಗೆ ಒಂದು ಬೆಲೆ ಹೇಳುತ್ತಾರೆ. ಮನೆಯನ್ನು ಬಿಚ್ಚಿ ಮಾರಬೇಕೇ, ಅಥವಾ ದುರಸ್ತಿ ಮಾಡಿ ಅತಿಥಿಗಳಿಗೆ ತೆರೆಯಬೇಕೇ? ಈ ಪ್ರಶ್ನೆಗೆ ಸಾಮಾನ್ಯವಾಗಿ ಭಾವನೆಯಿಂದ ಉತ್ತರಿಸಲಾಗುತ್ತದೆ, ಇಲ್ಲವೇ ಆ ಕ್ಷಣದ ಹಣದ ಅಗತ್ಯದಿಂದ. ಲೆಕ್ಕದ ಪುಸ್ತಕ ತೆರೆದು ಉತ್ತರಿಸಿದವರು ವಿರಳ. ಆ ಲೆಕ್ಕವನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ವಾಣಿಜ್ಯ ಪರಂಪರೆ

ಈ ಪ್ರದೇಶದ ಪಟ್ಟಣಗಳು ಹುಟ್ಟಿದ್ದೇ ವ್ಯಾಪಾರದಿಂದ. ಸೀತಾ ನದಿಯ ಸಮೀಪದ ಬಾರ್ಕೂರು ಆಳುಪ ಅರಸರ ರಾಜಧಾನಿಯಾಗಿತ್ತು. ಮುಂದೆ ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯದ ಆಡಳಿತ ಕೇಂದ್ರವಾಯಿತು. ಬಾರಕೂರು ಗದ್ಯಾಣವೆಂಬ ನಾಣ್ಯದ ಹೆಸರು ಶಾಸನಗಳಲ್ಲಿ ಬರುತ್ತದೆ. ಊರ ಹೆಸರಿನಲ್ಲಿಯೇ ನಾಣ್ಯ ಚಲಾವಣೆಯಲ್ಲಿದ್ದುದು ಅಲ್ಲಿನ ವ್ಯಾಪಾರದ ಪತ್ತಿಗೆ ಸಾಕ್ಷಿ. 14ನೇ ಶತಮಾನದ ಪ್ರವಾಸಿ ಇಬ್ನ್ ಬತೂತಾ ಫಾಕನೂರು ಎಂದು ಕರೆದಿರುವ ಊರನ್ನು ವಿದ್ವಾಂಸರು ಬಾರ್ಕೂರೆಂದು ಗುರುತಿಸಿದ್ದಾರೆ. ಅಲ್ಲಿನ ಕಬ್ಬಿನ ಗುಣಮಟ್ಟವನ್ನು ಆತ ವಿಶೇಷವಾಗಿ ಹೊಗಳಿದ್ದಾನೆ.

ಕುಂದಾಪುರದಿಂದ ಸುಮಾರು 6 ಕಿ.ಮೀ. ಒಳಗೆ, ವಾರಾಹಿ ನದಿಯ ದಡದಲ್ಲಿರುವ ಬಸ್ರೂರು ಅಕ್ಕಿಯ ಬಂದರು. ಪೋರ್ಚುಗೀಸರು ಇದನ್ನು ಬಾರ್ಸೆಲೋರ್ ಎಂದು ಕರೆದರು. ಕನ್ನಡ ಕರಾವಳಿಯ ಅಕ್ಕಿ ಗೋವೆಗೂ, ಮಲಬಾರಿಗೂ, ಕಡಲಾಚೆಯ ಹೊರ್ಮುಜಿಗೂ ಹೋಗುತ್ತಿದ್ದ ಕಾಲದಲ್ಲಿ ಬಸ್ರೂರು ಈ ವ್ಯಾಪಾರದ ಮುಖ್ಯ ನೆಲೆಗಳಲ್ಲಿ ಒಂದಾಗಿತ್ತು. 1569ರಲ್ಲಿ ಪೋರ್ಚುಗೀಸರು ಇಲ್ಲಿ ಕೋಟೆಯ ಮೇಲೆ ಹಿಡಿತ ಸಾಧಿಸಿದರು. 1650ರ ದಶಕದಲ್ಲಿ ಕೆಳದಿಯ ಶಿವಪ್ಪನಾಯಕ ಅವರನ್ನು ಹೊರಹಾಕಿದ. 1665ರಲ್ಲಿ ಶಿವಾಜಿಯ ನೌಕಾಪಡೆ ಬಸ್ರೂರಿನ ಮೇಲೆ ದಾಳಿ ನಡೆಸಿತು. ಸಂಪತ್ತಿಲ್ಲದ ಊರಿಗೆ ಇಷ್ಟು ಮಂದಿ ಮುತ್ತಿಗೆ ಹಾಕುವುದಿಲ್ಲ.

ವರ್ತಕರು ಇಲ್ಲಿ ಗಮನಿಸಬೇಕಾದ ವಿಷಯ ಇನ್ನೊಂದಿದೆ. ಬಾರ್ಕೂರು ಮತ್ತು ಬಸ್ರೂರುಗಳು ಕೇರಿಗಳಾಗಿ ವಿಂಗಡಣೆಗೊಂಡಿದ್ದವು. ಬಸ್ರೂರಿನಲ್ಲಿ ಪಡುವಕೇರಿ, ಮೂಡುಕೇರಿ. ಬಾರ್ಕೂರಿನಲ್ಲಿ ಮಣಿಗಾರಕೇರಿ, ಕೋಟೆಕೇರಿ ಮೊದಲಾದವು. ಸೆಟ್ಟಿಕಾರರು, ನಖರ, ಹಂಜಮಾನ ಎಂಬ ವರ್ತಕ ಸಂಘಗಳನ್ನು ಶಾಸನಗಳು ಹೆಸರಿಸುತ್ತವೆ. ಹೊರನಾಡಿನ ವ್ಯಾಪಾರಿಗಳೂ ಸಂಘ ಕಟ್ಟಿಕೊಂಡು ಊರಿನ ವ್ಯವಹಾರದಲ್ಲಿ ಪಾಲ್ಗೊಳ್ಳುತ್ತಿದ್ದರು. ಹೊರಗಿನಿಂದ ಬಂದವರಿಗೆ ನೆಲೆ, ದಾಸ್ತಾನು, ಊಟ, ನಂಬಿಕೆ, ಇವೆಲ್ಲವನ್ನೂ ಒದಗಿಸಿದ ಮೇಲೆಯೇ ಬಂದರು ಬೆಳೆಯುತ್ತದೆ ಎಂಬುದು ಅಂದಿನ ವರ್ತಕರಿಗೆ ತಿಳಿದಿತ್ತು.

ಕಾಲಕ್ರಮದಲ್ಲಿ ವ್ಯಾಪಾರ ನದಿಯ ಒಳಭಾಗದಿಂದ ಕಡಲಂಚಿನ ಕುಂದಾಪುರ, ಗಂಗೊಳ್ಳಿಗಳಿಗೆ ಸರಿಯಿತು. ಅಲ್ಲಿಂದ ಮಂಗಳೂರಿಗೆ ಹೋಯಿತು. ವ್ಯಾಪಾರದ ಹಿಂದೆಯೇ ಜನರೂ ಹೋದರು. ಆತಿಥ್ಯದ ವಿದ್ಯೆಯನ್ನು ಮಾತ್ರ ಅವರು ಜೊತೆಗೇ ಕೊಂಡೊಯ್ದರು. ಸಾಲಿಗ್ರಾಮದ ಬಳಿಯ ಪಾರಂಪಳ್ಳಿಯ ಯಜ್ಞನಾರಾಯಣ ಮಯ್ಯರು ಸಹೋದರರೊಂದಿಗೆ 1924ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಉಪಾಹಾರ ಗೃಹವೇ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್, ಅಂದರೆ ಎಂಟಿಆರ್ ಎಂದು ಹೆಸರಾಯಿತು. ಈ ನೆಲದ ಬಂಟರು, ಬ್ರಾಹ್ಮಣರು, ಬಿಲ್ಲವರು, ಕೊಂಕಣಿಗರು ದೇಶದ ಮಹಾನಗರಗಳಲ್ಲಿ ಹೋಟೆಲು ಕಟ್ಟಿದರು. ಊರಿನ ಮನೆಗಳು ಮಾತ್ರ ಬೀಗ ಹಾಕಿಸಿಕೊಂಡವು.

ಬರುವವರು ಯಾರು, ಯಾವ ಕಾಲದಲ್ಲಿ?

1998ರಲ್ಲಿ ಕೊಂಕಣ ರೈಲ್ವೆ ಪೂರ್ಣಗೊಂಡ ಮೇಲೆ ಬಾರ್ಕೂರು, ಕುಂದಾಪುರ ಮತ್ತು ಬೈಂದೂರಿನ ಮೂಕಾಂಬಿಕಾ ರೋಡ್ ನಿಲ್ದಾಣಗಳು ಮುಂಬಯಿಗೂ ಕೇರಳಕ್ಕೂ ನೇರ ಸಂಪರ್ಕ ಪಡೆದವು. ರಾಷ್ಟ್ರೀಯ ಹೆದ್ದಾರಿ 66 ಮೂರೂ ತಾಲೂಕುಗಳನ್ನು ಹಾದುಹೋಗುತ್ತದೆ. ಬರುವವರಲ್ಲಿ ಮೂರು ವರ್ಗಗಳನ್ನು ಗುರುತಿಸಬಹುದು.

ಮೊದಲನೆಯದು ಯಾತ್ರಿಕರು. ಕೊಲ್ಲೂರು, ಆನೆಗುಡ್ಡೆ, ಮಂದಾರ್ತಿ, ಮಾರಣಕಟ್ಟೆ ಕ್ಷೇತ್ರಗಳಿಗೆ ಬರುವ ಇವರಲ್ಲಿ, ವಿಶೇಷವಾಗಿ ಕೊಲ್ಲೂರಿಗೆ, ಕೇರಳದವರ ಸಂಖ್ಯೆ ದೊಡ್ಡದು. ಇವರು ಸಾಮಾನ್ಯವಾಗಿ ಒಂದು ರಾತ್ರಿ ತಂಗುತ್ತಾರೆ. ಕಡಿಮೆ ದರವನ್ನೂ ದೇವಸ್ಥಾನದ ಸಾಮೀಪ್ಯವನ್ನೂ ಬಯಸುತ್ತಾರೆ. ಎರಡನೆಯದು ಕಡಲತೀರಕ್ಕೆ ಬರುವವರು. ಒಂದು ಬದಿಯಲ್ಲಿ ಸಮುದ್ರ, ಇನ್ನೊಂದು ಬದಿಯಲ್ಲಿ ಸೌಪರ್ಣಿಕಾ ನದಿ ಇರುವ ಮರವಂತೆಯ ಹೆದ್ದಾರಿ, ಬೈಂದೂರಿನ ಸೋಮೇಶ್ವರ ಮತ್ತು ಒತ್ತಿನೆಣೆ ಇವರ ಆಕರ್ಷಣೆ. ವಾರಾಂತ್ಯದಲ್ಲಿ ಬೆಂಗಳೂರಿನಿಂದ ಬರುವವರೇ ಹೆಚ್ಚು.

ಮೂರನೆಯ ವರ್ಗ ಚಿಕ್ಕದು. ಆದರೆ ಹಳೆಯ ಮನೆಯ ಮಾಲೀಕರಿಗೆ ಮುಖ್ಯವಾದುದು ಅದೇ. ಬಾರ್ಕೂರಿನ ಕತ್ತಲೆ ಬಸದಿ ಮತ್ತು ಪಂಚಲಿಂಗೇಶ್ವರ ದೇವಸ್ಥಾನ, ಬಸ್ರೂರಿನ ಮಹಾಲಿಂಗೇಶ್ವರ, ಆಲದ ಬೇರುಗಳು ತಬ್ಬಿಕೊಂಡಿರುವ ತುಳುವೇಶ್ವರ, ಬೈಂದೂರಿನ ಸೇನೇಶ್ವರ, ಇವನ್ನು ನೋಡಲು ಬರುವವರು ಇವರು. ಬಡಗುತಿಟ್ಟಿನ ಯಕ್ಷಗಾನ ನೋಡಲು, ಕುಂದಾಪುರದ ಅಡುಗೆ ಉಣ್ಣಲು, ಕೋಟೇಶ್ವರದ ಕೊಡಿಹಬ್ಬಕ್ಕೆ ಬರುವವರೂ ಇವರಲ್ಲಿ ಸೇರುತ್ತಾರೆ. ಹೊರನಾಡಿನಲ್ಲಿ ಹುಟ್ಟಿ ಬೆಳೆದು, ಅಜ್ಜನ ಊರನ್ನು ಮಕ್ಕಳಿಗೆ ತೋರಿಸಲು ಬರುವ ಕುಟುಂಬಗಳೂ ಉಂಟು. ಇಂಥವರು ಎರಡು ಮೂರು ರಾತ್ರಿ ಉಳಿಯುತ್ತಾರೆ. ಎಲ್ಲ ಊರಿನಲ್ಲೂ ದೊರೆಯುವ ಕೋಣೆ ಇವರಿಗೆ ಬೇಡ. ಜಗಲಿ, ಚಾವಡಿ, ಒಳಅಂಗಳ, ಬಾವಿಕಟ್ಟೆ ಇರುವ ಮನೆ ಬೇಕು.

ಆದರೆ ಕಾಲದ ಮಿತಿಯನ್ನು ಮರೆಯುವಂತಿಲ್ಲ. ಈ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಕಡಲಿಗಿಳಿಯುವಂತಿಲ್ಲ, ಯಕ್ಷಗಾನ ಮೇಳಗಳ ತಿರುಗಾಟವೂ ಇಲ್ಲ. ಹೀಗಾಗಿ ಲೆಕ್ಕ ಹಾಕುವಾಗ ವರ್ಷವನ್ನು ಎಂಟು ತಿಂಗಳೆಂದೇ ಪರಿಗಣಿಸುವುದು ವಿವೇಕ.

ನಿಂತಿರುವ ಮನೆಗೆ ಇರುವ ಬೆಲೆ

ಮರದ ವ್ಯಾಪಾರಿ ಹೇಳುವ ಬೆಲೆಯಲ್ಲಿ ಒಂದು ಅಂಶ ಎಂದಿಗೂ ಸೇರಿರುವುದಿಲ್ಲ. ಅದು ಮನೆ ನಿಂತಿರುವ ಜಾಗದ ಹಕ್ಕು.

ಸಮುದ್ರತೀರ ಮಾತ್ರವಲ್ಲದೆ, ಉಬ್ಬರವಿಳಿತದ ಪ್ರಭಾವವಿರುವ ನದಿ ಮತ್ತು ಹಿನ್ನೀರಿನ ದಡಗಳೂ ಕರಾವಳಿ ನಿಯಂತ್ರಣ ವಲಯದ ವ್ಯಾಪ್ತಿಗೆ ಬರುತ್ತವೆ. 1991ರಲ್ಲಿ ಆರಂಭವಾದ ಈ ನಿಯಮಾವಳಿಯನ್ನು 2011 ಮತ್ತು 2019ರ ಅಧಿಸೂಚನೆಗಳು ಪರಿಷ್ಕರಿಸಿವೆ. ಗ್ರಾಮೀಣ ಭಾಗದ ಅಭಿವೃದ್ಧಿ ನಿಷೇಧಿತ ಪಟ್ಟಿಯಲ್ಲಿ ಹೊಸ ವಾಣಿಜ್ಯ ಕಟ್ಟಡಕ್ಕೆ ಸಾಮಾನ್ಯವಾಗಿ ಅನುಮತಿಯಿಲ್ಲ. ಮೊದಲಿನಿಂದಲೂ ಇರುವ ಅಧಿಕೃತ ಮನೆಯನ್ನು ಅದರ ತಳವಿಸ್ತೀರ್ಣ ಮೀರದಂತೆ ದುರಸ್ತಿ ಮಾಡಬಹುದು. ಮನೆಯ ತಳವಿಸ್ತೀರ್ಣ, ವಿನ್ಯಾಸ ಮತ್ತು ಮುಖಭಾಗವನ್ನು ಬದಲಿಸದೆ ಸ್ಥಳೀಯ ಸಮುದಾಯದವರು ಹೋಂಸ್ಟೇ ನಡೆಸಲು 2019ರ ಅಧಿಸೂಚನೆ ಅವಕಾಶವಿತ್ತಿದೆ.

ಇದರ ವ್ಯಾವಹಾರಿಕ ಅರ್ಥ ಸ್ಪಷ್ಟವಾಗಿದೆ. ವಾರಾಹಿ, ಸೌಪರ್ಣಿಕಾ ಅಥವಾ ಸೀತೆಯ ದಡದಲ್ಲಿ ಹಣವಂತ ಹೂಡಿಕೆದಾರನಿಗೂ ಹೊಸದಾಗಿ ಕಟ್ಟಲು ದೊರೆಯದ ಅವಕಾಶ, ಅಲ್ಲಿ ನೂರು ವರ್ಷದಿಂದ ನಿಂತಿರುವ ಮನೆಗೆ ಇದೆ. ಮನೆಯನ್ನು ಬಿಚ್ಚಿ ಮರ ಮಾರಿದ ದಿನ ಆ ಅವಕಾಶವೂ ಬಹುಮಟ್ಟಿಗೆ ಕೈತಪ್ಪಿದಂತೆ. ಮಾರಾಟದ ಮಾತುಕತೆಗೆ ಮುನ್ನ ಸರ್ವೆ ನಂಬರು ಯಾವ ವಲಯದಲ್ಲಿದೆ ಎಂಬುದನ್ನು ಕರಾವಳಿ ವಲಯ ನಿರ್ವಹಣಾ ಯೋಜನೆಯ ನಕ್ಷೆಯಲ್ಲಿ ಪರಿಶೀಲಿಸಿ, ಸಂಬಂಧಪಟ್ಟ ಕಚೇರಿಯಿಂದ ಲಿಖಿತ ಉತ್ತರ ಪಡೆಯುವುದು ಅಗತ್ಯ. ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ ಹತ್ತಿರವಿದ್ದಲ್ಲಿ ಇನ್ನೊಂದು ನಿಯಮವೂ ಅನ್ವಯಿಸುತ್ತದೆ: ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ದುರಸ್ತಿಗೂ ಮುನ್ನವೇ ಅನುಮತಿ ಬೇಕು.

ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮವನ್ನು ಕಂಡವರಿಗೆ, ಬಿಚ್ಚಿದ ಮನೆಗಳನ್ನು ತಂದು ಮರಳಿ ಜೋಡಿಸಲು ವಿಜಯನಾಥ ಶೆಣೈ ಅವರು ಪಟ್ಟ ಶ್ರಮದ ಅರಿವಿರುತ್ತದೆ. ಆದರೆ ಆ ಭಾಗ್ಯ ದೊರೆತದ್ದು ಕೆಲವೇ ಮನೆಗಳಿಗೆ. ಉಳಿದವುಗಳ ಕಂಬಗಳು ದೂರದ ರೆಸಾರ್ಟುಗಳ ಅಲಂಕಾರವಾಗುತ್ತವೆ, ಅಥವಾ ಮರದ ದರಕ್ಕೆ ತೂಗಿಹೋಗುತ್ತವೆ.

ಒಂದು ಉದಾಹರಣೆ

ಈಗ ಅಂಕಿಗಳಿಗೆ ಬರಬಹುದು. ಕೆಳಗಿನದು ವಿವರಣೆಗಾಗಿ ಕಲ್ಪಿಸಿದ ಲೆಕ್ಕ. ಪ್ರತಿ ಕುಟುಂಬವೂ ತನ್ನ ಅಂಕಿಗಳನ್ನು ಹಾಕಿ ನೋಡಬೇಕು.

ನದಿದಡದ ಚೌಕಿಮನೆ. ಅತಿಥಿಗಳಿಗೆ ನಾಲ್ಕು ಕೋಣೆ. ಮಾಡು, ವಿದ್ಯುತ್ ತಂತಿ, ಶೌಚಾಲಯ, ಹಾಸಿಗೆ ಇತ್ಯಾದಿಗೆ ವೆಚ್ಚ 16 ಲಕ್ಷ ರೂ. ಇದರಲ್ಲಿ 6 ಲಕ್ಷ ಸ್ವಂತದ್ದು. 10 ಲಕ್ಷ ಬ್ಯಾಂಕ್ ಸಾಲ, ಬಡ್ಡಿ ಶೇಕಡ 10, ಅವಧಿ ಏಳು ವರ್ಷ. ತಿಂಗಳ ಕಂತು ಸುಮಾರು 16,600 ರೂ., ವರ್ಷಕ್ಕೆ ಸುಮಾರು 1.99 ಲಕ್ಷ. ಕೋಣೆಯ ದರ ರಾತ್ರಿಗೆ 2,500 ರೂ.

ಕೋಣೆ ತುಂಬಲಿ ಬಿಡಲಿ, ತಪ್ಪದ ವೆಚ್ಚಗಳು: ಇಬ್ಬರು ಕೆಲಸಗಾರರಿಗೆ ತಲಾ 15,000 ರೂ.ಗಳಂತೆ ವರ್ಷಕ್ಕೆ 3.60 ಲಕ್ಷ; ಮಳೆಗಾಲಕ್ಕೆ ಮುನ್ನ ಹೆಂಚು ಬದಲಿಸುವುದು, ಗೆದ್ದಲು ನಿವಾರಣೆ, ಸುಣ್ಣಬಣ್ಣ ಸೇರಿ 1.20 ಲಕ್ಷ, ವಿಮೆ, ಶುಲ್ಕ, ಇಂಟರ್‌ನೆಟ್ 0.40 ಲಕ್ಷ. ಒಟ್ಟು 5.20 ಲಕ್ಷ. ಸಾಲದ ಕಂತು ಸೇರಿಸಿದರೆ 7.19 ಲಕ್ಷ.

ಅತಿಥಿ ಬಂದಾಗ ಮಾತ್ರ ಆಗುವ ವೆಚ್ಚ: ಬಟ್ಟೆ ಒಗೆತ, ವಿದ್ಯುತ್, ಬೆಳಗಿನ ಉಪಾಹಾರಕ್ಕೆ ರಾತ್ರಿಗೆ 400 ರೂ. ಅರ್ಧದಷ್ಟು ಅತಿಥಿಗಳು ಬುಕಿಂಗ್ ಜಾಲತಾಣದ ಮೂಲಕ ಬಂದು, ಕಮಿಷನ್ ಶೇಕಡ 15 ಆದರೆ, ಸರಾಸರಿ 187.50 ರೂ. ಹೀಗೆ ಪ್ರತಿ ಕೋಣೆ-ರಾತ್ರಿಯಿಂದ ಕೈಯಲ್ಲಿ ಉಳಿಯುವುದು 1,912.50 ರೂ.

7.19 ಲಕ್ಷವನ್ನು ಇದರಿಂದ ಭಾಗಿಸಿದರೆ ಸುಮಾರು 376 ಬರುತ್ತದೆ. ಅಂದರೆ ವರ್ಷಕ್ಕೆ 376 ಕೋಣೆ-ರಾತ್ರಿಗಳು ಮಾರಾಟವಾದರೆ ಲಾಭವೂ ಇಲ್ಲ, ಕೈಯಿಂದ ಹಾಕುವುದೂ ಇಲ್ಲ. ವರ್ಷದ 1,460 ಕೋಣೆ-ರಾತ್ರಿಗಳಲ್ಲಿ ಇದು ಶೇಕಡ 26 ಮಾತ್ರವೆಂದು ಸಮಾಧಾನಪಡುವವರಿದ್ದಾರೆ. ಆದರೆ ಮಳೆಗಾಲ ಕಳೆದರೆ ಉಳಿಯುವುದು 243 ದಿನ, 972 ಕೋಣೆ-ರಾತ್ರಿ. ಆಗ ಬೇಕಾದ ಪ್ರಮಾಣ ಶೇಕಡ 39ಕ್ಕೆ ಏರುತ್ತದೆ. ವಾರಾಂತ್ಯದ ಎರಡು ರಾತ್ರಿಗಳು ಪೂರ್ಣ ತುಂಬಿದರೂ ಅದು ಶೇಕಡ 29ನ್ನು ದಾಟುವುದಿಲ್ಲ. ಉಳಿದ ಶೇಕಡ 10 ವಾರದ ನಡುವಿನ ದಿನಗಳಿಂದಲೇ ಬರಬೇಕು.

ವರ್ಷಕ್ಕೆ 438 ರಾತ್ರಿ, ಅಂದರೆ ಶೇಕಡ 30 ತುಂಬಿದರೆ ಆದಾಯ 10.95 ಲಕ್ಷ, ಎಲ್ಲ ವೆಚ್ಚ, ಕಂತು ಕಳೆದು ಸುಮಾರು 1.18 ಲಕ್ಷ ಉಳಿಯುತ್ತದೆ. ಶೇಕಡ 20ಕ್ಕೆ ಇಳಿದರೆ ಆದಾಯ 7.30 ಲಕ್ಷ, ಕಂತಿಗೆ ಮುನ್ನ ಉಳಿಯುವುದು ಸುಮಾರು 38,000 ರೂ. ಮಾತ್ರ, ಆದರೆ ಕಟ್ಟಬೇಕಾದುದು 1.99 ಲಕ್ಷ. ಸಾಲ ಮಾಡಿ ಇಳಿಯುವವರು ಈ ಎರಡು ಅಂಕಿಗಳ ನಡುವಿನ ಅಂತರವನ್ನು ಅರಿತಿರಬೇಕು.

ಇಲ್ಲಿ ಮತ್ತೊಂದು ಸಂಗತಿಯಿದೆ. ಹೋಂಸ್ಟೇ ನಡೆಸದಿದ್ದರೂ ಹಳೆಯ ಮನೆಯ ನಿರ್ವಹಣೆಗೆ ವರ್ಷಕ್ಕೆ 1.20 ಲಕ್ಷ ಖರ್ಚಾಗಿಯೇ ತೀರುತ್ತದೆ. ಮಕ್ಕಳು ಸದ್ಯ ಕಳುಹಿಸುತ್ತಿರುವ ಹಣ ಅದೇ. ಆದ್ದರಿಂದ ಶೇಕಡ 30 ತುಂಬಿದ ವರ್ಷ ಕುಟುಂಬಕ್ಕೆ ದೊರೆತ ನಿಜವಾದ ಅನುಕೂಲ 1.18 ಲಕ್ಷವಲ್ಲ, 2.38 ಲಕ್ಷ. ಸಾಲ ತೀರಿದ ಮೇಲೆ ಇದು ನಾಲ್ಕು ಲಕ್ಷವನ್ನು ಮೀರುತ್ತದೆ. ಮನೆಯನ್ನು ಉಳಿಸಿಕೊಳ್ಳಲು ಹೇಗೂ ನಿರ್ಧರಿಸಿರುವವರಿಗೆ ಲೆಕ್ಕ ಅನುಕೂಲಕರ. ಮನೆಯಿಂದ ತ್ವರಿತ ಲಾಭ ಬಯಸುವವರಿಗೆ ಅಲ್ಲ.

ಜಿಎಸ್‌ಟಿ: ವರ್ತಕರು ಎಚ್ಚರ ವಹಿಸಬೇಕಾದ ಅಂಶ

ಸೇವೆ ಒದಗಿಸುವವರಿಗೆ ಕರ್ನಾಟಕದಲ್ಲಿ ನೋಂದಣಿಯ ಮಿತಿ ವಾರ್ಷಿಕ 20 ಲಕ್ಷ ರೂ. ಮೇಲಿನ ಉದಾಹರಣೆಯ ಕುಟುಂಬಕ್ಕೆ ಬೇರೆ ವ್ಯವಹಾರವಿಲ್ಲದಿದ್ದರೆ ನೋಂದಣಿ ಬೇಕಿಲ್ಲ. ಆದರೆ ಈ ಮಿತಿಯನ್ನು ಲೆಕ್ಕ ಹಾಕುವುದು ಪ್ಯಾನ್ ಆಧಾರದ ಮೇಲೆ. ದಿನಸಿ ಅಂಗಡಿ, ಹಂಚಿನ ವ್ಯಾಪಾರ ಅಥವಾ ಗೇರುಬೀಜದ ಘಟಕಕ್ಕಾಗಿ ಈಗಾಗಲೇ ಜಿಎಸ್‌ಟಿ ನೋಂದಣಿ ಹೊಂದಿರುವ ವರ್ತಕರು ಅದೇ ಹೆಸರಿನಲ್ಲಿ ಹೋಂಸ್ಟೇ ತೆರೆದರೆ ಮೊದಲ ಅತಿಥಿಯ ಮೊದಲ ರೂಪಾಯಿಗೂ ತೆರಿಗೆ ಅನ್ವಯಿಸುತ್ತದೆ. ಇದನ್ನು ತಿಳಿಯದೆ ವರ್ಷಾಂತ್ಯದಲ್ಲಿ ಬಡ್ಡಿ, ದಂಡ ಸಹಿತ ಪಾವತಿಸುವ ಪ್ರಸಂಗಗಳು ಉಂಟಾಗುತ್ತವೆ. ಮನೆ ತಾಯಿಯ ಅಥವಾ ಪತ್ನಿಯ ಹೆಸರಿನಲ್ಲಿದ್ದು, ವ್ಯವಹಾರವನ್ನೂ ಅವರೇ ನಿಜವಾಗಿ ನಡೆಸುವುದಾದರೆ ಸ್ಥಿತಿ ಬೇರೆ; ಕಾಗದದ ಮೇಲೆ ಮಾತ್ರ ಹೆಸರು ಬದಲಿಸುವುದು ಪರಿಹಾರವಲ್ಲ.

ದಿನಕ್ಕೆ 7,500 ರೂ. ಮೀರದ ಕೋಣೆಗಳಿಗೆ 2025ರ ಸೆಪ್ಟೆಂಬರ್ 22ರಿಂದ ತೆರಿಗೆ ದರ ಶೇಕಡ 5. ಮೊದಲು ಇದು ಶೇಕಡ 12 ಇತ್ತು. ಆದರೆ ಹೊಸ ದರದಲ್ಲಿ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ಸಿಮೆಂಟು, ಹಾಸಿಗೆ, ಹವಾನಿಯಂತ್ರಕಗಳಿಗೆ ತೆತ್ತ ತೆರಿಗೆ ವೆಚ್ಚವಾಗಿಯೇ ಉಳಿಯುತ್ತದೆ. ಯೋಜನಾ ವೆಚ್ಚವನ್ನು ತೆರಿಗೆ ಸಹಿತವಾಗಿಯೇ ಅಂದಾಜಿಸಬೇಕು. ನೋಂದಣಿಯ ಅಗತ್ಯವಿಲ್ಲದ ಮನೆಯವರು ಬುಕಿಂಗ್ ಜಾಲತಾಣದ ಮೂಲಕ ಕೋಣೆ ಕೊಟ್ಟಾಗ ಆ ತೆರಿಗೆಯನ್ನು ಜಾಲತಾಣದ ಸಂಸ್ಥೆಯೇ ವಸೂಲು ಮಾಡಿ ಪಾವತಿಸಬೇಕಾಗುತ್ತದೆ. ಅತಿಥಿಗೆ 2,500 ರೂ. ಕೋಣೆ 2,625 ಆಗುತ್ತದೆ ಎಂಬುದು ದರ ನಿಗದಿಪಡಿಸುವಾಗ ನೆನಪಿನಲ್ಲಿರಲಿ.

ಆದಾಯ ತೆರಿಗೆ ಮತ್ತು ಒಡೆತನ

ಮನೆಯನ್ನು ಇಡಿಯಾಗಿ ಬೇರೊಬ್ಬರಿಗೆ ಬಾಡಿಗೆಗೆ ಕೊಟ್ಟು ಸುಮ್ಮನಿದ್ದರೆ ಬರುವುದು ಸಾಮಾನ್ಯವಾಗಿ ಗೃಹ ಆಸ್ತಿಯ ಆದಾಯ. ಅದರಲ್ಲಿ ಶೇಕಡ 30ರ ನಿಗದಿತ ಕಡಿತವಿದೆ. ಊಟ, ಶುಚಿತ್ವ, ಸೇವೆ ಸಹಿತ ತಾವೇ ನಡೆಸಿದರೆ ಅದು ವ್ಯಾಪಾರದ ಆದಾಯ. ವ್ಯಕ್ತಿ, ಅವಿಭಕ್ತ ಕುಟುಂಬ ಅಥವಾ ಪಾಲುದಾರಿಕೆ ಸಂಸ್ಥೆಯ ವಹಿವಾಟು 2 ಕೋಟಿ ರೂ. ಒಳಗಿದ್ದರೆ ಅಂದಾಜು ಆದಾಯ ಪದ್ಧತಿಯನ್ನು ಆರಿಸಿಕೊಳ್ಳಬಹುದು: ಬ್ಯಾಂಕ್ ಮೂಲಕ ಬಂದ ಹಣಕ್ಕೆ ಶೇಕಡ 6, ನಗದಿಗೆ ಶೇಕಡ 8. ಯುಪಿಐ ಮೂಲಕ ಬಂದ 10.95 ಲಕ್ಷಕ್ಕೆ ಕನಿಷ್ಠ ಘೋಷಿತ ಆದಾಯ 65,700 ರೂ. ಆದರೆ ಒಮ್ಮೆ ಈ ಪದ್ಧತಿಗೆ ಬಂದು ನಡುವೆ ಬಿಟ್ಟರೆ ಐದು ವರ್ಷ ಮರಳಿ ಬರುವಂತಿಲ್ಲ. ಕಡಿಮೆ ಆದಾಯ ತೋರಿಸಿದವರಿಗೆ ಮುಂದೆ ಬ್ಯಾಂಕ್ ಸಾಲ ನೀಡುವಾಗಲೂ ಅದೇ ಅಂಕಿಯನ್ನು ನೋಡುತ್ತದೆ ಎಂಬುದನ್ನು ಮರೆಯಬಾರದು.

ತೆರಿಗೆಗಿಂತ ದೊಡ್ಡ ತೊಡಕು ಒಡೆತನದ್ದು. ಈ ಪ್ರದೇಶದ ಅನೇಕ ಹಳೆಯ ಮನೆಗಳು ಇಂದಿಗೂ ಅವಿಭಕ್ತವಾಗಿವೆ. ಅಳಿಯಸಂತಾನ ಪದ್ಧತಿಯ ಕುಟುಂಬಗಳಲ್ಲಿ ಹಕ್ಕುದಾರರ ಪಟ್ಟಿ ಇನ್ನೂ ಉದ್ದ. ಊರಿನಲ್ಲಿರುವ ತಮ್ಮನೊಬ್ಬ ಮಾಡು ಕಟ್ಟಿಸಿ, ಸಾಲ ಮಾಡಿ, ಮೂರು ವರ್ಷ ದುಡಿದು ಹೆಸರು ತಂದ ಮೇಲೆ ಉಳಿದವರು ಪಾಲು ಕೇಳಿದಾಗ ವ್ಯವಹಾರವೂ ಸಂಬಂಧವೂ ಏಕಕಾಲದಲ್ಲಿ ಹಾಳಾಗುತ್ತವೆ. ಆದ್ದರಿಂದ ಮೊದಲ ಹೆಂಚು ತೆಗೆಯುವ ಮುನ್ನವೇ ಲಿಖಿತ ಒಪ್ಪಂದ ಅಗತ್ಯ. ದುರಸ್ತಿಯ ಹಣ ಯಾರದ್ದು, ದುಡಿಯುವವರಿಗೆ ಸಂಬಳವೆಷ್ಟು, ಉಳಿದವರಿಗೆ ಬಾಡಿಗೆಯೋ ಲಾಭದ ಪಾಲೋ, ಹಬ್ಬ, ದೈವದ ಕಾರ್ಯ, ಮದುವೆಗಳಿಗೆ ಮನೆ ಯಾವ ದಿನ ಕುಟುಂಬಕ್ಕೆ ಮೀಸಲು, ಇವೆಲ್ಲ ಅದರಲ್ಲಿರಬೇಕು. ಎಲ್ಲ ಹಕ್ಕುದಾರರ ಸಹಿಯಿಲ್ಲದೆ ಬ್ಯಾಂಕ್ ಸಾಲವೂ ಕಷ್ಟ.

ನೋಂದಣಿ ಮತ್ತು ಪರವಾನಗಿಗಳು

ಸ್ಥಳೀಯ ಗ್ರಾಮ ಪಂಚಾಯತ್ ಅಥವಾ ಪುರಸಭೆಯ ಪರವಾನಗಿ, ಪ್ರವಾಸೋದ್ಯಮ ಇಲಾಖೆಯ ಹೋಂಸ್ಟೇ ನೋಂದಣಿ, ಆಹಾರ ನೀಡುವುದಾದರೆ ಎಫ್‌ಎಸ್‌ಎಸ್‌ಎಐ ನೋಂದಣಿ, ಇವು ಮೂಲಭೂತ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಯೋಜನೆಯಲ್ಲಿ ಗರಿಷ್ಠ ಆರು ಕೋಣೆ, ಹನ್ನೆರಡು ಹಾಸಿಗೆಗಳ ಮಿತಿಯಿದೆ. ಮಾಲೀಕರ ಕುಟುಂಬ ಅದೇ ಮನೆಯಲ್ಲಿ ವಾಸವಾಗಿರಬೇಕು. ಬೀಗ ಹಾಕಿದ ಮನೆಯನ್ನು ಕೆಲಸಗಾರರ ಕೈಗೆ ಕೊಟ್ಟು ಹೋಂಸ್ಟೇ ಎನ್ನುವಂತಿಲ್ಲ. ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ನಿಗದಿತ ನಮೂನೆಯಲ್ಲಿ ಆನ್‌ಲೈನ್ ವರದಿ ಸಲ್ಲಿಸಬೇಕು. ವಿದೇಶಿ ಪೌರತ್ವ ಪಡೆದ ನಮ್ಮವರೇ ಅತಿಥಿಗಳಾಗಿ ಬಂದಾಗಲೂ ಈ ಕರ್ತವ್ಯವನ್ನು ಕಡೆಗಣಿಸಬಾರದು. 2025-26ರ ಕೇಂದ್ರ ಬಜೆಟ್ಟಿನಲ್ಲಿ ಹೋಂಸ್ಟೇಗಳಿಗೆ ಮುದ್ರಾ ಸಾಲ ಒದಗಿಸುವ ಘೋಷಣೆಯಾಗಿದೆ. ಉದ್ಯಮ್ ನೋಂದಣಿ ಇದ್ದಲ್ಲಿ ಬ್ಯಾಂಕಿನ ವ್ಯವಹಾರ ಸುಗಮವಾಗುತ್ತದೆ.

ಪೂರೈಕೆದಾರರಿಗೆ ಇರುವ ಪಾಲು

ಹೋಂಸ್ಟೇ ನಡೆಸದ ವರ್ತಕರಿಗೂ ಈ ವಿಷಯ ಸಂಬಂಧಿಸಿದೆ. ಮೇಲಿನ ಉದಾಹರಣೆಯ ಒಂದು ಮನೆಯ ವರ್ಷದ ಖರ್ಚಿನಲ್ಲಿ ಕಮಿಷನ್ ಮತ್ತು ಬಡ್ಡಿ ಬಿಟ್ಟರೆ ಬಹುಪಾಲು ಹತ್ತಿರದ ಹಳ್ಳಿ, ಪೇಟೆಗಳಲ್ಲೇ ಉಳಿಯುತ್ತದೆ. ಹೆಂಚು, ಮುರಕಲ್ಲು, ಬಡಗಿ ಕೆಲಸ. ಕುಚ್ಚಲಕ್ಕಿ, ತೆಂಗಿನೆಣ್ಣೆ, ಗಂಗೊಳ್ಳಿಯ ಮೀನು. ಆಟೋ, ದೋಣಿ, ಬಟ್ಟೆ ಒಗೆಯುವವರು. ಹೊರಡುವಾಗ ಅತಿಥಿ ಕೊಂಡೊಯ್ಯುವ ಹಲಸಿನ ಹಪ್ಪಳ, ಮಸಾಲೆ ಪುಡಿ, ಗೇರುಬೀಜ, ಉಡುಪಿ ಸೀರೆ ಪ್ರತ್ಯೇಕ. ಅಚ್ಚುಕಟ್ಟಾದ ಪೊಟ್ಟಣ, ತೂಕ, ದಿನಾಂಕ, ನೋಂದಣಿ ಸಂಖ್ಯೆಯ ಚೀಟಿ ಇವಿಷ್ಟಿದ್ದರೆ ಮನೆ ತಯಾರಿಕೆಗೂ ಮಾರುಕಟ್ಟೆಯಿದೆ. ಇಬ್ನ್ ಬತೂತಾ ಕಬ್ಬನ್ನು ಹೊಗಳಿದ ನೆಲದಲ್ಲಿ, ಬ್ರಹ್ಮಾವರದ ಸಹಕಾರಿ ಸಕ್ಕರೆ ಕಾರ್ಖಾನೆ ಮುಚ್ಚಿದ ನಂತರ, ಊರಿನ ಬೆಲ್ಲವೊಂದು ಅತಿಥಿಯ ಚೀಲ ಸೇರುವುದೂ ಚಿಕ್ಕ ಸಂಗತಿಯಲ್ಲ.

ಉದ್ಯಮ್ ನೋಂದಣಿ ಹೊಂದಿದ ಸೂಕ್ಷ್ಮ ಮತ್ತು ಸಣ್ಣ ತಯಾರಕರು ಒಂದು ರಕ್ಷಣೆಯನ್ನು ಬಳಸಿಕೊಳ್ಳಬಹುದು. ಲಿಖಿತ ಒಪ್ಪಂದವಿದ್ದಲ್ಲಿ ಗರಿಷ್ಠ 45 ದಿನ, ಇಲ್ಲದಿದ್ದಲ್ಲಿ 15 ದಿನಗಳೊಳಗೆ ಖರೀದಿದಾರರು ಹಣ ಪಾವತಿಸಬೇಕು. ತಪ್ಪಿ ಆ ವರ್ಷ ಕಳೆದರೆ, ನಿಯತ ಲೆಕ್ಕಪುಸ್ತಕ ಇಡುವ ಖರೀದಿದಾರರಿಗೆ ಹಣ ಕೊಟ್ಟ ವರ್ಷದಲ್ಲಿ ಮಾತ್ರ ಆ ವೆಚ್ಚದ ಕಡಿತ ದೊರೆಯುತ್ತದೆ. ದೊಡ್ಡ ಹೋಟೆಲು, ರೆಸಾರ್ಟುಗಳಿಗೆ ಸಾಲದಲ್ಲಿ ಮಾಲು ಕೊಡುವ ಸಣ್ಣ ತಯಾರಕರು ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಮುದ್ರಿಸುವುದನ್ನು ರೂಢಿ ಮಾಡಿಕೊಳ್ಳಬೇಕು.

ಒಂಟಿ ಮನೆಯಿಂದ ಸಾಧ್ಯವಿಲ್ಲ

ಲೆಕ್ಕ ಮತ್ತೆ ಮೊದಲಿನ ಅಂಕಿಗೇ ಬರುತ್ತದೆ: ವಾರದ ನಡುವಿನ ಆ ಶೇಕಡ 10. ಶನಿವಾರ ಬಂದು ಭಾನುವಾರ ಹೋಗುವ ಅತಿಥಿಯನ್ನು ಇನ್ನೊಂದು ರಾತ್ರಿ ಉಳಿಸಿಕೊಳ್ಳುವ ಶಕ್ತಿ ಮನೆಗಿಲ್ಲ, ಊರಿಗಿದೆ. ಬಾರ್ಕೂರಿಗೆ ಬಂದವರಿಗೆ ಬಸದಿ ಯಾವ ಕೇರಿಯಲ್ಲಿದೆ ಎಂದು ತಿಳಿಸುವ ಫಲಕ, ಶಾಸನದ ಅರ್ಥ ಹೇಳಬಲ್ಲ ಊರಿನ ಯುವಕ, ಬಸ್ರೂರಿನಿಂದ ಪಂಚಗಂಗಾವಳಿಯ ಸಂಗಮದವರೆಗೆ ದೋಣಿ, ಆ ವಾರ ಯಾವ ಮೇಳದ ಆಟ ಎಲ್ಲಿದೆ ಎಂಬ ಪಟ್ಟಿ, ಶುಚಿಯಾದ ಸಾರ್ವಜನಿಕ ಶೌಚಾಲಯ, ಇವುಗಳಲ್ಲಿ ಯಾವುದನ್ನೂ ಒಬ್ಬ ಮಾಲೀಕ ಒಬ್ಬನೇ ಒದಗಿಸಲಾರ. ಹತ್ತು ಮನೆಯವರು, ಇಪ್ಪತ್ತು ಅಂಗಡಿಯವರು ಸೇರಿದರೆ ಇವುಗಳ ವೆಚ್ಚ ಪ್ರತಿಯೊಬ್ಬರಿಗೂ ಅಲ್ಪ. ದರದಲ್ಲಿ ಪೈಪೋಟಿಗಿಳಿದು ಒಬ್ಬರನ್ನೊಬ್ಬರು ಕೆಡಿಸುವುದನ್ನೂ, ನೆರೆಹೊರೆಯ ನೆಮ್ಮದಿ ಕೆಡಿಸುವ ಅತಿಥಿಯನ್ನೂ ಇಂಥ ಸಂಘವೇ ತಡೆಯಬಲ್ಲದು. ಊರಿನವರಿಗೆ ಬೇಡವಾದ ವ್ಯವಹಾರ ಎಷ್ಟೇ ಲಾಭ ತಂದರೂ ಬಾಳುವುದಿಲ್ಲ.

ಈ ಕೆಲಸಕ್ಕೆ ಮಾದರಿಯನ್ನು ದೂರ ಹುಡುಕಬೇಕಾಗಿಲ್ಲ. ಕೇರಿಗೊಂದು ಕಟ್ಟು, ವರ್ತಕರಿಗೊಂದು ಸಂಘ, ಹೊರಗಿನವರಿಗೂ ಒಂದು ಸ್ಥಾನ ಎಂಬ ವ್ಯವಸ್ಥೆಯನ್ನು ಪಡುವಕೇರಿ ಮೂಡುಕೇರಿಗಳ ಸೆಟ್ಟಿಕಾರರು ಕಲ್ಲಿನಲ್ಲಿ ಬರೆಸಿಟ್ಟಿದ್ದಾರೆ. ಅವರು ವ್ಯಾಪಾರ ಮಾಡಿದ ಬಂದರಿಗೆ ಹಡಗು ಮರಳಿ ಬರಲಾರದು. ಆದರೆ ಅವರ ಊರಿಗೆ ಅತಿಥಿ ಬರುತ್ತಿದ್ದಾನೆ, ಮತ್ತು ಇಳಿದುಕೊಳ್ಳಲು ಮನೆ ಕೇಳುತ್ತಿದ್ದಾನೆ. ಮುಂದಿನ ಮಳೆಗಾಲದ ನಂತರ ಮರದ ವ್ಯಾಪಾರಿ ಬಾಗಿಲಿಗೆ ಬರುವ ಮುನ್ನ ಪ್ರತಿ ಕುಟುಂಬವೂ ಕಾಗದ ಪೆನ್ನು ಹಿಡಿದು ತನ್ನ 376 ಎಷ್ಟೆಂದು ಕಂಡುಕೊಳ್ಳಲಿ. ಉತ್ತರ ಅನುಕೂಲವಾಗಿದ್ದರೆ ಮನೆ ಉಳಿಯುತ್ತದೆ. ಇಲ್ಲದಿದ್ದರೂ ನಿರ್ಧಾರವಾದರೂ ತಿಳಿದು ಮಾಡಿದ್ದಾಗಿರುತ್ತದೆ.